ಅಳತೆಗೆ ಹೊಲಿಸಿದ ಆತ್ಮಚರಿತ್ರೆ

ಗದ್ಯಸಾಹಿತ್ಯದ ಪ್ರಕಾರಗಳನ್ನು ವಿಂಗಡಿಸಿದ ವಿದ್ವಾಂಸರು ಕಾದಂಬರಿ, ಸಣ್ಣಕತೆ, ಪ್ರಬಂಧ, ಜೀವನಚರಿತ್ರೆ, ಪ್ರವಾಸಕಥನ ಎಂದು ಬೆರಳು ಮಡಿಸುತ್ತ ಹೋಗಿ ಒಂದೊಂದರ ಲಕ್ಷಣವನ್ನೂ ಸೋದಾಹರಣವಾಗಿ ನಿರೂಪಿಸಿದ್ದಾರಾದರೂ, ಅತಿ ಹೆಚ್ಚು ಜನ ಬರೆಯುವ ಮತ್ತು ಅತಿ ಕಡಿಮೆ ಜನ ಕೊನೆಯವರೆಗೆ ಓದುವ ಒಂದು ಪ್ರಕಾರವನ್ನು ಅದೇಕೋ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಕೆಲಸ ಬೇಕಾದವನು ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ಸ್ವವಿವರವೇ ಆ ಪ್ರಕಾರ. ವಸ್ತುವಿನಲ್ಲಿ ಅದು ಆತ್ಮಕಥೆ, ಗಾತ್ರದಲ್ಲಿ ಕರಪತ್ರ, ಧಾಟಿಯಲ್ಲಿ ಶಾಸನದ ಪ್ರಶಸ್ತಿಭಾಗ; ವ್ಯಾಕರಣದಲ್ಲಿ ಮಾತ್ರ ಅದಕ್ಕೆ ಅದೇ ಸಾಟಿ, ಏಕೆಂದರೆ ಮೊದಲಿಂದ ಕೊನೆಯವರೆಗೆ ಒಬ್ಬನೇ ವ್ಯಕ್ತಿಯ ಸಾಹಸಗಳನ್ನು ಹೇಳುವ ಈ ಬರವಣಿಗೆಯಲ್ಲಿ ಉತ್ತಮಪುರುಷ ಸರ್ವನಾಮ ಒಮ್ಮೆಯೂ ತಲೆಹಾಕಕೂಡದೆಂಬ ಕಟ್ಟಳೆಯಿದ್ದು, ಮುನ್ನಡೆಸಿದ್ದು, ಉಳಿಸಿದ್ದು, ಸಾಧಿಸಿದ್ದು ಮುಂತಾದ ಕ್ರಿಯೆಗಳೆಲ್ಲ ಕರ್ತೃವಿನ ಹಂಗಿಲ್ಲದೆ ತಾವಾಗಿಯೇ ನಡೆದುಹೋದಂತೆ ಸಾಲಾಗಿ ನಿಂತಿರುತ್ತವೆ. ಉತ್ತಮಪುರುಷಕ್ಕೆ ಪ್ರವೇಶವೇ ಇಲ್ಲದ ಈ ಪ್ರಕಾರದಲ್ಲಿ ಸಿಗುವಷ್ಟು ಉತ್ತಮ ಪುರುಷರು ಬೇರೆಲ್ಲೂ ಸಿಗುವುದಿಲ್ಲವೆಂಬುದು ಗಮನಾರ್ಹ.

ಹೆಸರುಗಳ ವಿಚಾರದಲ್ಲಿ ಸ್ವಲ್ಪ ಸ್ಪಷ್ಟನೆ ಅಗತ್ಯ. ಕರ್ನಾಟಕದ ಒಂದು ಇಡೀ ತಲೆಮಾರಿಗೆ ಪರಿಚಿತವಾಗಿದ್ದ ರೂಪಕ್ಕೆ ಬಯೋಡೇಟಾ ಎಂದು ಹೆಸರು. ಹುಟ್ಟಿದ ತಾರೀಖು, ತಂದೆಯ ಹೆಸರು, ಖಾಯಂ ವಿಳಾಸ, ವಿದ್ಯಾರ್ಹತೆ, ಬಲ್ಲ ಭಾಷೆಗಳು, ಹವ್ಯಾಸ ಎಂಬ ಕ್ರಮದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಒಮ್ಮೆ ಬೆರಳಚ್ಚು ಮಾಡಿಸಿ, ಜೆರಾಕ್ಸ್ ಅಂಗಡಿಯಲ್ಲಿ ಇಪ್ಪತ್ತೈದು ಪ್ರತಿ ತೆಗೆಸಿಟ್ಟುಕೊಂಡರೆ ಅದು ಸಹಕಾರಿ ಬ್ಯಾಂಕಿಗೂ, ಅನುದಾನಿತ ಪ್ರೌಢಶಾಲೆಗೂ, ಸಕ್ಕರೆ ಕಾರ್ಖಾನೆಗೂ ಸಮನಾಗಿ ಸಲ್ಲುತ್ತಿತ್ತು; ‘ಗೆ’ ಎಂಬ ಅಕ್ಷರದ ಮುಂದೆ ಖಾಲಿ ಬಿಟ್ಟಿದ್ದ ಜಾಗವನ್ನು ನೀಲಿ ಶಾಯಿಯಲ್ಲಿ ತುಂಬುವುದಷ್ಟೇ ಅಭ್ಯರ್ಥಿಯ ಪಾಲಿಗೆ ಉಳಿದ ಕೆಲಸವಾಗಿತ್ತು. ಆಮೇಲೆ ಬಂದ ಸಿ.ವಿ. ಎಂಬುದು ‘ಬಾಳಿನ ಓಟ’ ಎಂಬರ್ಥದ ಲ್ಯಾಟಿನ್ ಪದಗಳ ಮೊದಲಕ್ಷರಗಳಾದರೆ, ರೆಸ್ಯೂಮೆ ಎಂಬುದು ಫ್ರೆಂಚ್ ಮೂಲದಿಂದ ಬಂದು ‘ಸಂಗ್ರಹಿಸಿ ಹೇಳಿದ್ದು’ ಎಂಬ ಅರ್ಥ ಕೊಡುತ್ತದೆ. ಓಡಿದ್ದನ್ನೆಲ್ಲ ಹೇಳುವುದು ಒಂದು, ಓಡಿದ್ದರಲ್ಲಿ ಬೇಕಾದಷ್ಟನ್ನೇ ಹೇಳುವುದು ಇನ್ನೊಂದು. ಈ ಎರಡನೆಯದರಲ್ಲೇ, ಅಂದರೆ ಬೇಕಾದಷ್ಟು ಎಂದರೆ ಎಷ್ಟು, ಬೇಕಾದದ್ದು ಯಾರಿಗೆ ಎಂಬ ಪ್ರಶ್ನೆಯಲ್ಲೇ, ಪ್ರಸ್ತುತ ವಿಷಯದ ಬೀಜವಿದೆ.

ಪ್ರತಿ ಹುದ್ದೆಗೂ ಅದರದೇ ಒಂದು ‘ಜೆಡಿ’ ಇರುತ್ತದೆ. ಆ ಹುದ್ದೆಯಲ್ಲಿ ಕೂರುವವನು ಏನೇನು ಮಾಡಬೇಕು, ಅವನಿಗೆ ಏನೇನು ಬರಬೇಕು ಎಂಬುದನ್ನು ಕಂಪನಿಯವರು ಬರೆದು ಪ್ರಕಟಿಸುವ ವಿವರಣೆಗೆ ಬೆಂಗಳೂರಿನ ಬಾಡಿಗೆ ಕೋಣೆಗಳಲ್ಲಿ ಈ ಎರಡಕ್ಷರವೇ ಬಳಕೆಯ ಹೆಸರು. ಒಂದೇ ಬಯೋಡೇಟಾವನ್ನು ಊರಿಗೆಲ್ಲ ಹಂಚದೆ, ಒಂದೊಂದು ಜೆಡಿಯನ್ನೂ ಮುಂದಿಟ್ಟುಕೊಂಡು, ಅದು ಕೇಳಿದ್ದನ್ನು ಮೇಲಕ್ಕೆ ತಂದು, ಕೇಳದ್ದನ್ನು ಕೆಳಕ್ಕೆ ತಳ್ಳಿ, ಅದರ ಮಾತನ್ನೇ ಅದಕ್ಕೆ ತಿರುಗಿ ಒಪ್ಪಿಸುವ ವಿದ್ಯೆಗೆ ಇಂಗ್ಲಿಷಿನವರು ದರ್ಜಿಯ ಕಸುಬಿನಿಂದ ಪದವನ್ನು ಎರವಲು ಪಡೆದಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕೇಳಿ ಬೆಳೆದವರಿಗೆ ಈ ವಿದ್ಯೆ ಮೊದಮೊದಲು ಮುಜುಗರ ತರುವುದು ಸಹಜ, ಏಕೆಂದರೆ ಇಲ್ಲಿ ಹಾಸಿಗೆ ಎದುರಿನವರದು, ಅದರ ಉದ್ದವನ್ನು ಅವರೇ ಜಾಹೀರಾತಿನಲ್ಲಿ ಅಚ್ಚು ಹಾಕಿಸಿರುತ್ತಾರೆ, ಕಾಲು ಮಾತ್ರ ಅಭ್ಯರ್ಥಿಯದು.

ಆದರೂ ದರ್ಜಿಯ ಹೋಲಿಕೆ ಕನ್ನಡನಾಡಿನವರಿಗೆ ಇಂಗ್ಲಿಷಿನವರಿಗಿಂತ ಚೆನ್ನಾಗಿಯೇ ಒಗ್ಗುತ್ತದೆ. ಮೇ ತಿಂಗಳ ಕೊನೆಯ ವಾರದಲ್ಲಿ ಯಾವುದೇ ಪೇಟೆಬೀದಿಯ ಟೈಲರ್ ಅಂಗಡಿಯ ಮುಂದೆ ನಿಂತರೂ, ಶಾಲೆಯ ನೀಲಿ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದ ತಾಯಿಯೊಬ್ಬರು ‘ಬೆಳೆಯೋ ಹುಡುಗ, ಸ್ವಲ್ಪ ಲೂಸಾಗೇ ಇರಲಿ’ ಎನ್ನುವುದೂ, ಟೈಲರ್ ತಲೆಯೆತ್ತದೆ ಹುಡುಗನ ಸೊಂಟಕ್ಕೆ ಟೇಪು ಸುತ್ತಿ, ಎರಡಿಂಚು ಸೇರಿಸಿದ ಸಂಖ್ಯೆಯನ್ನು ಬಿಲ್ಲಿನ ಬೆನ್ನಿಗೆ ಗೀಚಿಕೊಳ್ಳುವುದೂ ಕಾಣಸಿಗುತ್ತದೆ. ಆ ಎರಡಿಂಚು ಒಳಗೆ ಮಡಿಕೆಯಾಗಿ ಕೂತು, ವರ್ಷಕ್ಕೊಮ್ಮೆ ಬಿಚ್ಚಿಕೊಳ್ಳುತ್ತ, ಏಳನೆಯ ತರಗತಿಯ ಚಡ್ಡಿಯನ್ನು ಒಂಬತ್ತರವರೆಗೆ ಎಳೆಯುತ್ತದೆ. ಹೊರಗಿನ ಬಟ್ಟೆ ಬಿಸಿಲಿಗೆ ಬೆಳ್ಳಗಾಗಿದ್ದರೆ ಬಿಚ್ಚಿದ ಮಡಿಕೆಯ ಜಾಗ ಮಾತ್ರ ಹೊಚ್ಚಹೊಸ ನೀಲಿಯಲ್ಲಿ ಪಟ್ಟಿಯಂತೆ ಉಳಿದು, ಹುಡುಗ ಯಾವ ವರ್ಷ ಎಷ್ಟು ಬೆಳೆದನೆಂಬುದನ್ನು ಊರಿಗೆಲ್ಲ ಸಾರುತ್ತದೆ. ಸ್ವವಿವರವೂ ಹೀಗೆಯೇ ಮುಂದೆ ಬೆಳೆಯುವ ಭರವಸೆಯಲ್ಲಿ ಇಂದೇ ಎರಡಿಂಚು ಹೆಚ್ಚಿಟ್ಟು ಹೊಲಿಸಿದ್ದು. ‘ಎಕ್ಸೆಲ್‌ನಲ್ಲಿ ಪ್ರಾವೀಣ್ಯ’ ಎಂದು ಬರೆದವನು ಬರೆದ ದಿನ ಅದರಲ್ಲಿ ಕೂಡುವುದನ್ನಷ್ಟೇ ಬಲ್ಲವನಾಗಿದ್ದು, ಸಂದರ್ಶನದ ಹಿಂದಿನ ರಾತ್ರಿ ಮಡಿಕೆ ಬಿಚ್ಚಿಕೊಳ್ಳುವುದುಂಟು. ಅನುಭವವುಳ್ಳ ಸಂದರ್ಶಕ ಹುಡುಕುವುದು ಬಟ್ಟೆಯನ್ನಲ್ಲ, ಆ ಹೊಸ ನೀಲಿಯ ಪಟ್ಟಿಯನ್ನು.

ಜೆಡಿಯೂ ಇಂಥದೇ ಒಂದು ಹೊಲಿಗೆಯ ಬಟ್ಟೆಯೆಂಬುದನ್ನು ಅಭ್ಯರ್ಥಿಗಳು ಮರೆಯುತ್ತಾರೆ. ಹಿಂದೆ ಆ ಕುರ್ಚಿಯಲ್ಲಿದ್ದವನು ಎಂಟು ವರ್ಷಗಳಲ್ಲಿ ಒಂದೊಂದಾಗಿ ಮೈಮೇಲೆಳೆದುಕೊಂಡ ಕೆಲಸಗಳನ್ನೆಲ್ಲ ಒಟ್ಟುಮಾಡಿ, ಅದಕ್ಕೆ ಅವನಿಂದ ಆಗದೆ ಉಳಿದವುಗಳನ್ನೂ ಸೇರಿಸಿ, ಹೊಸಬ ಇವನ್ನೆಲ್ಲ ಮೊದಲ ದಿನವೇ ಬಲ್ಲವನಾಗಿರಬೇಕೆಂದು ಬಯಸುವ ಈ ಪಠ್ಯಕ್ಕೆ ತನ್ನದೇ ಒಂದು ಪರಿಭಾಷೆಯಿದೆ. ‘ವೇಗವಾಗಿ ಬೆಳೆಯುತ್ತಿರುವ ವಾತಾವರಣ’ ಎಂದರೆ ಯಾರು ಯಾವ ಕೆಲಸ ಮಾಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲವೆಂದೂ, ‘ಕುಟುಂಬದಂಥ ಸಂಸ್ಥೆ’ ಎಂದರೆ ಭಾನುವಾರವೂ ಫೋನು ಬರುತ್ತದೆಂದೂ, ‘ಒತ್ತಡದಲ್ಲಿ ಕೆಲಸ ಮಾಡುವ ಸಾಮರ್ಥ್ಯ’ ಎಂದರೆ ಒತ್ತಡವನ್ನು ಸಂಸ್ಥೆಯೇ ಒದಗಿಸುತ್ತದೆಂದೂ, ‘ಇತರ ವಹಿಸಿದ ಕೆಲಸಗಳು’ ಎಂಬ ಕೊನೆಯ ಸಾಲೇ ನಿಜವಾದ ಮೊದಲ ಸಾಲೆಂದೂ ತಿಳಿದವರು ವ್ಯಾಖ್ಯಾನಿಸುತ್ತಾರೆ. ಫ್ರೆಶರ್, ಅಂದರೆ ಈಗಷ್ಟೇ ಓದು ಮುಗಿಸಿದವನು, ಬೇಕೆಂದು ಮೇಲೆ ಬರೆದು ಕೆಳಗೆ ಎರಡು ವರ್ಷದ ಅನುಭವ ಕೇಳುವ ಜಾಹೀರಾತುಗಳ ಬಗ್ಗೆ ವ್ಯಾಖ್ಯಾನಕಾರರೂ ಕೈಚೆಲ್ಲಿದ್ದಾರೆ.

ಈ ಹೊಲಿಗೆ ನಡೆಯುವ ಬಗೆಯನ್ನು ತಿಳಿಯಲು ಪ್ರಸ್ತುತ ಲೇಖಕನಿಗೆ ಹತ್ತಿರದ ಪರಿಚಯವಿರುವ, ದಾವಣಗೆರೆಯ ಒಬ್ಬ ಬಿ.ಕಾಂ. ಪದವೀಧರನ ಸ್ವವಿವರದ ಒಂದೇ ಒಂದು ಸಾಲನ್ನು ಸೂಕ್ಷ್ಮವಾಗಿ ಪರಿಶೀಲಿಸುವುದು ಉಪಯುಕ್ತ. ಅವನ ಮೊದಲ ಬಯೋಡೇಟಾದಲ್ಲಿ ಅನುಭವ ಎಂಬ ಶೀರ್ಷಿಕೆಯ ಎದುರು ‘ಇಲ್ಲ’ ಎಂಬ ಎರಡಕ್ಷರವಿತ್ತು. ಬೆಂಗಳೂರಿನಲ್ಲಿ ಆಗಲೇ ನಾಲ್ಕು ಕಂಪನಿ ಬದಲಾಯಿಸಿದ್ದ ಅವನ ಸೋದರಮಾವನ ಮಗ ಅದನ್ನು ನೋಡಿ, ‘ಏನೂ ಮಾಡಿಲ್ಲ ಅಂತೀಯಲ್ಲೋ, ಮೂರು ವರ್ಷ ಓಣಿ ಗಣಪತಿ ಕೂರಿಸಿದ್ದು ಯಾರು, ನಿಮ್ಮಪ್ಪನಾ?’ ಎಂದು ಕೇಳಿದ್ದೇ ಒಂದು ಯುಗಪರಿವರ್ತನೆಗೆ ಕಾರಣವಾಯಿತು. ಆ ಪದವೀಧರ ಓಣಿಯ ಗೆಳೆಯರ ಬಳಗದ ಖಜಾಂಚಿಯಾಗಿ ಮೂರು ಭಾದ್ರಪದಗಳಲ್ಲಿ ರಸೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿ ಚಂದಾ ಎತ್ತಿದ್ದ. ಆರ್ಕೆಸ್ಟ್ರಾ ಬೇಕೆನ್ನುವ ಹುಡುಗರಿಗೂ ಹರಿಕಥೆಯೇ ಆಗಬೇಕೆನ್ನುವ ಹಿರಿಯರಿಗೂ ನಡುವೆ ನಿಂತು ಒಂದು ರಾತ್ರಿ ಅದು, ಇನ್ನೊಂದು ರಾತ್ರಿ ಇದು ಎಂದು ಬಗೆಹರಿಸಿದ್ದ. ವಿಸರ್ಜನೆಗೆ ಲಾರಿ ಗೊತ್ತುಮಾಡಿದ್ದ. ಮೂರನೆಯ ವರ್ಷದ ಲೆಕ್ಕದಲ್ಲಿ ಖೋತಾ ಬಿದ್ದ 740 ರೂಪಾಯಿಯನ್ನು ತಾಯಿಯ ಸಾಸಿವೆ ಡಬ್ಬಿಯಿಂದ ತುಂಬಿಕೊಟ್ಟಿದ್ದ.

ವಿಮಾ ಪಾಲಿಸಿ ಮಾರುವ ಹುದ್ದೆಯ ಜೆಡಿ ‘ಅಪರಿಚಿತ ಗ್ರಾಹಕರನ್ನು ಸಂಪರ್ಕಿಸಿ ಒಲಿಸಿಕೊಳ್ಳಬಲ್ಲವರು’ ಬೇಕೆಂದಾಗ, ಚಂದಾ ಎತ್ತಿದ್ದು ‘ಸತತ ಮೂರು ವರ್ಷ ಮನೆಬಾಗಿಲಿನ ಸಂಪರ್ಕದ ಮೂಲಕ ಸಂಪನ್ಮೂಲ ಕ್ರೋಡೀಕರಣ’ವಾಯಿತು. ಬಾಗಿಲು ತೆರೆಯದೆ ಕಿಟಕಿಯಿಂದಲೇ ‘ಮನೇಲಿ ಯಾರೂ ಇಲ್ಲ’ ಎಂದು ಉತ್ತರಿಸಿದ ಮನೆಯೊಡೆಯರಿಂದಲೂ ಇಪ್ಪತ್ತೊಂದು ರೂಪಾಯಿ ಹೊರಡಿಸಿದವನ ವಿಷಯದಲ್ಲಿ ಇದನ್ನು ಅತಿಶಯೋಕ್ತಿ ಎನ್ನಲಾಗದು. ಲೆಕ್ಕಪತ್ರದ ಗುಮಾಸ್ತಿಕೆಗೆ ಅರ್ಜಿ ಹಾಕುವಾಗ ಅದೇ ಸಾಲು ‘ರಸೀದಿಗಳ ನಿರ್ವಹಣೆ, ವಾರ್ಷಿಕ ಜಮಾಖರ್ಚು, ಲೆಕ್ಕಪರಿಶೋಧನೆಗೆ ಸಹಕಾರ’ ಎಂದು ಮಗ್ಗುಲು ಬದಲಾಯಿಸಿತು. ಲೆಕ್ಕಪರಿಶೋಧನೆ ಎಂದರೆ ಅರಳಿಕಟ್ಟೆಯ ಮೇಲೆ ಕೂತ ಮೂವರು ಹಿರಿಯರು ‘ಪಟಾಕಿಗೇ ಇಷ್ಟಾಯ್ತಾ?’ ಎಂದು ಕೇಳಿದ್ದು. ಸಿಬ್ಬಂದಿ ವಿಭಾಗದ ಹುದ್ದೆಗೆ ಆರ್ಕೆಸ್ಟ್ರಾ ಮತ್ತು ಹರಿಕಥೆಗಳ ರಾಜಿ ‘ಭಿನ್ನ ವಯೋಮಾನದ ಹಿತಾಸಕ್ತರ ನಡುವೆ ಸಂಘರ್ಷ ನಿವಾರಣೆ’ಯಾಗಿ ಮೇಲೇರಿದರೆ, ಸರಕು ಸಾಗಣೆ ಕಂಪನಿಯ ಅರ್ಜಿಯಲ್ಲಿ ಲಾರಿಯು ‘ಸೂಕ್ಷ್ಮ ಹಾಗೂ ಭಂಗುರ ಸರಕಿನ ನಿಗದಿತ ಅವಧಿಯ ಸಾಗಾಟ’ವೆಂಬ ಬಿರುದು ಧರಿಸಿತು. ಆ ಸರಕು ಗಮ್ಯಸ್ಥಾನದಲ್ಲಿ ನೀರಿಗೆ ಬಿದ್ದು ಕರಗಿಹೋಗಬೇಕೆಂಬುದೇ ಸಾಗಾಟದ ಉದ್ದೇಶವಾಗಿತ್ತೆಂಬುದನ್ನು ಯಾವ ಅರ್ಜಿಯಲ್ಲೂ ನಮೂದಿಸಲಿಲ್ಲ. 740 ರೂಪಾಯಿ ಮತ್ತು ಸಾಸಿವೆ ಡಬ್ಬಿಗಳಂತೂ, ಅವನ ಗುಣವನ್ನು ಮಿಕ್ಕೆಲ್ಲಕ್ಕಿಂತ ಚೆನ್ನಾಗಿ ಹೇಳುವಂಥವಾಗಿದ್ದರೂ, ಯಾವ ಜೆಡಿಯೂ ಕೇಳದೆ ಇದ್ದುದರಿಂದ ಕತ್ತರಿಗೆ ಸಿಕ್ಕಿ ಟೈಲರ್ ಕಾಲಬುಡದಲ್ಲಿ ಚಿಂದಿಯಾಗಿ ಬಿದ್ದವು.

ಗಮನಿಸಬೇಕಾದದ್ದೆಂದರೆ ಈ ನಾಲ್ಕು ರೂಪಗಳಲ್ಲಿ ಒಂದೂ ಸುಳ್ಳಲ್ಲ. ಇದ್ದ ಬಟ್ಟೆಯನ್ನು ಬೇರೆ ಬೇರೆ ಮೈಗೆ ಕತ್ತರಿಸುವುದಕ್ಕೂ, ಪಕ್ಕದ ಮನೆಯ ತಂತಿಯ ಮೇಲೆ ಒಣಗಿದ್ದ ಬಟ್ಟೆಯನ್ನು ತಂದು ತೊಡುವುದಕ್ಕೂ ವ್ಯತ್ಯಾಸವಿದೆ. ಮಾಡದ ಕೆಲಸಕ್ಕೆ ಅನುಭವ ಪತ್ರ ಒದಗಿಸುವ ಮಹಡಿ ಮೇಲಿನ ಕಚೇರಿಗಳೂ, ಅಂಥ ಪತ್ರಗಳನ್ನು ಹಿಡಿಯಲೆಂದೇ ಹುಟ್ಟಿಕೊಂಡ ಹಿನ್ನೆಲೆ ಪರಿಶೀಲನೆಯ ಸಂಸ್ಥೆಗಳೂ ಒಂದೇ ಊರಿನಲ್ಲಿ ಪರಸ್ಪರರ ಹೊಟ್ಟೆ ಹೊರೆಯುತ್ತಿವೆಯಾದರೂ, ಅದು ದಂಡಸಂಹಿತೆಯ ವಿಷಯವಾದ್ದರಿಂದ ಅಲಂಕಾರಶಾಸ್ತ್ರದ ಈ ಚರ್ಚೆಯಲ್ಲಿ ಅದಕ್ಕೆ ಎಡೆಯಿಲ್ಲ.

ಈ ವಿದ್ಯೆ ಹೊಸತೆಂದು ಭಾವಿಸುವವರು ಇಟಲಿಯ ಕಡೆ ಒಮ್ಮೆ ನೋಡಬೇಕು. ಸುಮಾರು 1482ರಲ್ಲಿ, ಫ್ಲಾರೆನ್ಸಿನಲ್ಲಿ ವೆರ್ರೋಕ್ಕಿಯೋ ಎಂಬ ಕಲಾವಿದನ ಕಾರ್ಯಶಾಲೆಯಲ್ಲಿ ಪಳಗಿದ್ದ, ಮೂವತ್ತರ ಪ್ರಾಯದ ಲಿಯೊನಾರ್ಡೊ ಡ ವಿಂಚಿ, ಮಿಲಾನಿನ ಆಡಳಿತ ಹಿಡಿದಿದ್ದ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಒಂದು ಪತ್ರವನ್ನು ಸಿದ್ಧಪಡಿಸಿದ. ಅದರ ಕರಡು ಅವನ ಟಿಪ್ಪಣಿಗಳ ದೊಡ್ಡ ಸಂಪುಟವಾದ ಕೋಡೆಕ್ಸ್ ಅಟ್ಲಾಂಟಿಕಸ್‌ನಲ್ಲಿ ಇಂದಿಗೂ ಉಳಿದಿದೆ. ಲುಡೊವಿಕೊ ಯಾವ ಜೆಡಿಯನ್ನೂ ಪ್ರಕಟಿಸಿರಲಿಲ್ಲವಾದರೂ, ಆ ವರ್ಷವೇ ವೆನಿಸಿಗೂ ಫೆರಾರಕ್ಕೂ ಯುದ್ಧ ಹೊತ್ತಿಕೊಂಡು ಮಿಲಾನ್ ಫೆರಾರದ ಪಕ್ಷದಲ್ಲಿದ್ದುದರಿಂದ, ಅವನಿಗೆ ಬೇಕಾದದ್ದೇನೆಂದು ಊಹಿಸಲು ಬ್ರಹ್ಮವಿದ್ಯೆಯೇನೂ ಬೇಕಿರಲಿಲ್ಲ. ಆದ್ದರಿಂದ ಚಿತ್ರಕಾರ ಬರೆದದ್ದು ಚಿತ್ರದ ಬಗ್ಗೆಯಲ್ಲ. ಹೊತ್ತೊಯ್ಯಬಹುದಾದ ಹಗುರ ಸೇತುವೆಗಳು, ಕಂದಕದ ನೀರು ಬಸಿಯುವ ಉಪಾಯ, ಕಲ್ಲು ಸುರಿಸುವ ಫಿರಂಗಿ, ಸದ್ದಿಲ್ಲದೆ ಸುರಂಗ ತೋಡುವ ವಿಧಾನ, ಶತ್ರುಗಳ ನಡುವೆ ನುಗ್ಗುವ ಮುಚ್ಚಿದ ರಥ, ದಾಳಿಗೆ ತಡೆಯುವ ಹಡಗು ಎಂದು ಅಂಕಿ ಹಾಕಿ ಅಂಶಗಳನ್ನು ಬರೆಯುತ್ತ ಹೋಗಿ, ಶಾಂತಿಕಾಲ ಬಂದರೆ ಕಟ್ಟಡ ಕಟ್ಟುವುದೂ ನೀರು ಹರಿಸುವುದೂ ಬರುತ್ತದೆಂದು ಸೇರಿಸಿ, ಕಟ್ಟಕಡೆಗೆ, ಹೋಗುತ್ತ ಹೋಗುತ್ತ ಬಾಗಿಲ ಬಳಿ ನಿಂತು ಹೇಳುವವನಂತೆ, ಶಿಲ್ಪ ಮಾಡಬಲ್ಲೆನೆಂದೂ ಚಿತ್ರ ಬರೆಯುವುದರಲ್ಲಿ ಯಾರಿಗೂ ಕಡಿಮೆಯಲ್ಲವೆಂದೂ ತಿಳಿಸಿದ. ಸಂಶಯವಿದ್ದರೆ ತಮ್ಮ ಉದ್ಯಾನದಲ್ಲೇ ಪ್ರಯೋಗ ಮಾಡಿ ತೋರಿಸಲು ಸಿದ್ಧನೆಂಬ ಮಾತೂ ಅಲ್ಲಿದೆ. ಫಿರಂಗಿಯ ಪ್ರಾತ್ಯಕ್ಷಿಕೆಗೆ ಯಾವ ಯಜಮಾನನೂ ತನ್ನ ಹೂದೋಟವನ್ನು ಬಿಟ್ಟುಕೊಡಲಾರನೆಂಬ ಲೆಕ್ಕಾಚಾರ ಅದರ ಹಿಂದಿದ್ದಿರಬಹುದು.

ಕಲಾವಿದರ ಚರಿತ್ರಕಾರ ವಸಾರಿ ಹೇಳುವಂತೆ ಲಿಯೊನಾರ್ಡೊ ಮಿಲಾನಿಗೆ ಹೋದದ್ದು ಕುದುರೆಯ ಬುರುಡೆಯ ಆಕಾರದ, ತಾನೇ ಬೆಳ್ಳಿಯಲ್ಲಿ ಮಾಡಿದ ತಂತಿವಾದ್ಯವನ್ನು ಹಿಡಿದುಕೊಂಡು. ಅಂದರೆ ಅರ್ಜಿ ಯುದ್ಧ ವಿಭಾಗಕ್ಕೆ, ಕರೆ ಬಂದದ್ದು ಸಂಗೀತ ವಿಭಾಗದಿಂದ. ಮುಂದೆ ಅವನು 1490ರಲ್ಲಿ ಅರಮನೆಯ ಒಂದು ಮದುವೆ ಉತ್ಸವಕ್ಕೆ ಗ್ರಹಗಳು ಸುತ್ತುವ ಸ್ವರ್ಗದ ರಂಗಸಜ್ಜಿಕೆ ಮಾಡಿಕೊಟ್ಟ. 1490ರ ದಶಕದ ಉತ್ತರಾರ್ಧದಲ್ಲಿ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಮಠದ ಊಟದ ಮನೆಯ ಗೋಡೆಗೆ ‘ಕೊನೆಯ ಭೋಜನ’ವನ್ನು ಬರೆದ. ಸ್ವವಿವರದ ಬಾಲಕ್ಕೆ ಕಟ್ಟಿದ್ದ ಸಾಲೇ ಕಡೆಗೆ ಇಡೀ ನೌಕರಿಯಾಯಿತು. ಅದೇ ಪತ್ರದಲ್ಲಿ ಲುಡೊವಿಕೊನ ತಂದೆಯ ನೆನಪಿಗೆ ಎರಕ ಹೊಯ್ಯುವೆನೆಂದು ಆಸೆ ಹುಟ್ಟಿಸಿದ್ದ ಕಂಚಿನ ಕುದುರೆಯ ಕತೆಯಂತೂ ಉದ್ಯೋಗಶಾಸ್ತ್ರದ ವಿದ್ಯಾರ್ಥಿಗಳಿಗೆ ಪಠ್ಯವಾಗಬೇಕಾದದ್ದು: ಮಣ್ಣಿನ ಭಾರಿ ಮಾದರಿ 1493ರ ಹೊತ್ತಿಗೆ ಸಿದ್ಧವಾಯಿತಾದರೂ, ಅದಕ್ಕೆಂದು ಕೂಡಿಟ್ಟಿದ್ದ ಕಂಚನ್ನು 1494ರಲ್ಲಿ ಫಿರಂಗಿ ಮಾಡಲು ಸಾಗಿಸಿದರು, 1499ರಲ್ಲಿ ಮಿಲಾನಿಗೆ ನುಗ್ಗಿದ ಫ್ರೆಂಚ್ ಬಿಲ್ಲುಗಾರರು ಮಣ್ಣಿನ ಕುದುರೆಗೆ ಗುರಿಯಿಟ್ಟು ಅಭ್ಯಾಸ ಮಾಡಿದರು. ಫಿರಂಗಿ ಮಾಡುವೆನೆಂದು ಬರೆದವನಿಂದ ಕುದುರೆ ಮಾಡಿಸಿ, ಕುದುರೆಯ ಕಂಚಿನಿಂದ ಫಿರಂಗಿ ಮಾಡಿಸುವ ಆಡಳಿತ ಪದ್ಧತಿ ಮಿಲಾನಿನಲ್ಲೇ ಕೊನೆಗೊಂಡಿತೆಂದು ನಂಬಲು ಆಧಾರಗಳಿಲ್ಲ.

ಕನ್ನಡದ ಆದಿಕವಿಯ ಕೃತಿಯಲ್ಲಿ ಇದಕ್ಕೂ ಐದು ಶತಮಾನ ಹಿಂದಿನ, ಇದಕ್ಕಿಂತ ಧೀರವಾದ ಒಂದು ನಿದರ್ಶನವಿದೆ. 941ರಲ್ಲಿ ಮುಗಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪನು ತನ್ನ ಒಡೆಯನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದನೆಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಇದನ್ನು ಉದ್ಯೋಗದ ಭಾಷೆಗೆ ಇಳಿಸಿದರೆ, ಅರ್ಜುನ ಎಂಬ ಹುದ್ದೆಗೆ ಅರಿಕೇಸರಿಯೇ ಅಭ್ಯರ್ಥಿ, ಪಂಪ ಅವನ ಸ್ವವಿವರದ ಕರ್ತೃ, ವ್ಯಾಸಭಾರತವೇ ಜೆಡಿ. ತೊಡಕು ಬಂದದ್ದು ದ್ರೌಪದಿಯ ವಿಷಯದಲ್ಲಿ: ಐವರಲ್ಲಿ ಒಬ್ಬನಾಗಿ ಪತ್ನಿಯನ್ನು ಹಂಚಿಕೊಳ್ಳುವ ಷರತ್ತು ಅಭ್ಯರ್ಥಿಯ ಘನತೆಗೆ ಒಗ್ಗುವಂಥದಾಗಿರಲಿಲ್ಲ. ಸಾಮಾನ್ಯ ಬರಹಗಾರನಾಗಿದ್ದರೆ ಸ್ವವಿವರವನ್ನು ತಿದ್ದುತ್ತಿದ್ದ. ಪಂಪ ಜೆಡಿಯನ್ನೇ ತಿದ್ದಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿ, ಕೊನೆಗೆ ಪಟ್ಟವನ್ನೂ ಅವನಿಗೇ ಕಟ್ಟಿಸಿದ. ಇಷ್ಟೆಲ್ಲ ಕಟ್ಟುನಿಟ್ಟಾಗಿ ಒಡೆಯನ ಅಳತೆಗೆ ಹೊಲಿದ ಕಾವ್ಯದಲ್ಲಿ ಓದುಗರ ಎದೆಯಲ್ಲಿ ಉಳಿದವನು ಮಾತ್ರ ಕರ್ಣ. ಕವಿಯ ಸ್ವಂತ ಪ್ರೀತಿ ಹೊಲಿಗೆಯ ಸಂದಿನಿಂದ ಇಣುಕಿ ಎದುರು ಪಾಳೆಯಕ್ಕೆ ಹೋಗಿ ನಿಂತದ್ದನ್ನು ಅರಿಕೇಸರಿ ಗಮನಿಸಲಿಲ್ಲವೋ, ಗಮನಿಸಿಯೂ ಸುಮ್ಮನಿದ್ದನೋ; ಅಂತೂ ಧರ್ಮವುರವೆಂಬ ಅಗ್ರಹಾರ ಕವಿಗೆ ಸಂದಿತು.

ಅರಿಕೇಸರಿಯಂತೆ ಕೇಳಿ ಆನಂದಿಸುವ, ಲುಡೊವಿಕೊನಂತೆ ಓದಿ ಕಡೆಗಣಿಸುವ ಒಡೆಯರ ಕಾಲ ಈಗ ಹಿಂದಾಗಿದೆ. ಭಾರತದಲ್ಲಿ 1997ರಲ್ಲಿ ನೌಕ್ರಿ ಡಾಟ್ ಕಾಮ್ ಆರಂಭವಾಗಿ, ಅಂಚೆಚೀಟಿಯ ಖರ್ಚಿಲ್ಲದೆ ಅರ್ಜಿ ಕಳಿಸುವ ದಾರಿ ತೆರೆದದ್ದೇ ತಡ, ಒಂದು ಹುದ್ದೆಗೆ ಬರುವ ಅರ್ಜಿಗಳು ಮನುಷ್ಯಮಾತ್ರರು ಓದಿ ಮುಗಿಸಲಾರದಷ್ಟಾದವು. 2012ರಲ್ಲಿ ಅಮೆರಿಕದ ಒಂದು ಉದ್ಯೋಗ ಜಾಲತಾಣ ನೇಮಕಾತಿಯವರ ಕಣ್ಣಿನ ಚಲನೆಯನ್ನು ಅಳೆದು ನೋಡಿದಾಗ, ಒಂದು ಸ್ವವಿವರದ ಮೇಲೆ ಅವರು ಮೊದಲ ನೋಟದಲ್ಲಿ ವ್ಯಯಿಸುವುದು ಸುಮಾರು 6 ಸೆಕೆಂಡು ಎಂದು ಕಂಡುಬಂತು. ಹಬ್ಬದ ದಿನ ದೇವಸ್ಥಾನದ ಸರದಿಯಲ್ಲಿ ಗಂಟೆಗಟ್ಟಲೆ ನಿಂತ ಭಕ್ತನಿಗೆ ಗರ್ಭಗುಡಿಯ ಎದುರು ಸಿಗುವ ಅವಕಾಶವೂ ಹೆಚ್ಚುಕಡಿಮೆ ಇಷ್ಟೇ. ಈ 6 ಸೆಕೆಂಡಿನ ದರ್ಶನಕ್ಕೂ ಮೊದಲು ದಾಟಬೇಕಾದ ಬಾಗಿಲಿಗೆ ಎಟಿಎಸ್ ಎಂದು ಹೆಸರು. ಬಂದ ಅರ್ಜಿಗಳನ್ನು ಓದಿ, ಹೆಸರು, ಓದು, ಅನುಭವ ಎಂದು ಗೂಡುಗಳಿಗೆ ಹಂಚಿ, ಜೆಡಿಯ ಪದಗಳು ಯಾರ ಅರ್ಜಿಯಲ್ಲಿವೆಯೆಂದು ಹುಡುಕಿಕೊಡುವ ತಂತ್ರಾಂಶವದು. ಜರಡಿಯಂತೆ, ಧಾನ್ಯದ ಗುಣ ಅದಕ್ಕೆ ತಿಳಿಯದು, ಕಾಳಿನ ಗಾತ್ರ ತಿಳಿಯುತ್ತದೆ.

ಈ ಜರಡಿಯ ಮುಂದೆ ಅಲಂಕಾರಗಳೆಲ್ಲ ನಿಷ್ಫಲ. ಎರಡು ಕಾಲಮ್ಮಿನ ಅಂದದ ವಿನ್ಯಾಸ ಮಾಡಿಸಿಕೊಂಡವನ ಎಡಗಡೆಯ ಸಾಲು ಬಲಗಡೆಯದಕ್ಕೆ ಅಂಟಿ, ‘ಬಿ.ಕಾಂ., ಪ್ರಥಮ ದರ್ಜೆ, ಈಜು’ ಎಂಬಂಥ ಹೊಸ ಪದವಿಗಳು ಸೃಷ್ಟಿಯಾಗುವುದುಂಟು. ಹೆಸರಿನ ವಿಷಯದಲ್ಲಿ ಅದು ಹಳೇ ಮೈಸೂರು ಸೀಮೆಯವರಿಗೆ ಕೊಡುವ ಕಷ್ಟವನ್ನು ಪ್ರತ್ಯೇಕವಾಗಿ ಹೇಳಬೇಕು. ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಒಂದೊಂದಕ್ಷರಕ್ಕೆ ಕುಗ್ಗಿಸಿ ತನ್ನ ಹೆಸರಿನ ಹಿಂದೆ ಕಟ್ಟಿಕೊಂಡು ಸುಖವಾಗಿದ್ದವನನ್ನು ಅದರ ಅರ್ಜಿ ನಮೂನೆ ‘ಕೊನೆಯ ಹೆಸರು’ ಕಡ್ಡಾಯವೆಂದು ಕೆಂಪು ನಕ್ಷತ್ರ ತೋರಿಸಿ ಹೆದರಿಸಿದಾಗ, ಅವನು ಬೇರೆ ದಾರಿ ಕಾಣದೆ ಊರಿನ ಹೆಸರನ್ನೇ ಬಿಡಿಸಿ ಬರೆಯುತ್ತಾನೆ, ಮಾರನೆಯ ದಿನ ‘ಪ್ರಿಯ ಶ್ರೀ ಹೊಳಲ್ಕೆರೆಯವರೇ, ವಿಷಾದದಿಂದ ತಿಳಿಸುವುದೇನೆಂದರೆ’ ಎಂಬ ಪತ್ರ ಬರುತ್ತದೆ. ನಿರಾಕರಣೆಯ ನೋವನ್ನು ಇಡೀ ತಾಲ್ಲೂಕಿನೊಂದಿಗೆ ಹಂಚಿಕೊಳ್ಳುವ ಈ ಸೌಲಭ್ಯ ಉತ್ತರ ಭಾರತದ ಅಡ್ಡಹೆಸರಿನವರಿಗಿಲ್ಲ.

ಜರಡಿಯನ್ನು ಮಣಿಸಲು ಕೆಲವರು ಜೆಡಿಯನ್ನು ಇಡಿಯಾಗಿ ನಕಲು ಮಾಡಿ, ಸ್ವವಿವರದ ಅಂಚಿನಲ್ಲಿ ಬಿಳಿಯ ಹಾಳೆಯ ಮೇಲೆ ಬಿಳಿಯ ಅಕ್ಷರದಲ್ಲಿ ಅಂಟಿಸುವುದೂ ಇದೆ. ಮನುಷ್ಯನ ಕಣ್ಣಿಗೆ ಕಾಣದೆ ಯಂತ್ರಕ್ಕೆ ಮಾತ್ರ ಕಾಣುವ ಈ ಗುಪ್ತಲಿಪಿ, ಹೊರತೆಗೆದ ಪಠ್ಯವನ್ನು ಯಂತ್ರ ಅಧಿಕಾರಿಗೆ ಕಪ್ಪಕ್ಷರದಲ್ಲಿ ತೋರಿಸಿದಾಗ ಬಯಲಾಗಿ, ‘ನಮ್ಮ ಸಂಸ್ಥೆಯು ಎಲ್ಲ ಅಭ್ಯರ್ಥಿಗಳಿಗೂ ಸಮಾನ ಅವಕಾಶ ನೀಡುತ್ತದೆ’ ಎಂಬ ಸಾಲನ್ನೂ ಅಭ್ಯರ್ಥಿ ತನ್ನ ಅರ್ಹತೆಗಳಲ್ಲಿ ಸೇರಿಸಿಕೊಂಡಿರುವುದು ಪತ್ತೆಯಾಗುತ್ತದೆ. ಇತ್ತೀಚೆಗಂತೂ ಇಷ್ಟು ಶ್ರಮವೂ ಬೇಡವಾಗಿದ್ದು, ಜೆಡಿಯನ್ನೂ ಬಯೋಡೇಟಾವನ್ನೂ ಒಂದು ಎಐ ತಂತ್ರಾಂಶದ ಮುಂದಿಟ್ಟರೆ ಗಳಿಗೆಯಲ್ಲಿ ಹೊಲಿದುಕೊಡುತ್ತದೆ. ಆ ಜೆಡಿಯನ್ನು ಬರೆದದ್ದೂ, ಬಂದ ಅರ್ಜಿಗಳನ್ನು ಸೋಸುವುದೂ ಅಂಥದೇ ಇನ್ನೊಂದು ತಂತ್ರಾಂಶವಾದ್ದರಿಂದ, ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಒಂದೇ ಮನೆಯವರಾದ ಮದುವೆಯಂತೆ ಮಾತುಕತೆ ಬಹಳ ಸಲೀಸಾಗಿ ಮುಗಿಯುತ್ತದೆ, ವಧುವರರಿಗೆ ಮಾತ್ರ ಪರಸ್ಪರ ಪರಿಚಯವಾಗಿರುವುದಿಲ್ಲ.

ಮದುವೆಯ ಮಾತು ಬಂದುದರಿಂದ, ಬಯೋಡೇಟಾ ಎಂಬ ಹಳೆಯ ಹೆಸರು ಇಂದಿಗೂ ಜೀವಂತವಾಗಿರುವುದು ಆ ಕ್ಷೇತ್ರದಲ್ಲೇ ಎಂಬುದನ್ನು ನೆನೆಯಬಹುದು. ಅಲ್ಲಿಯೂ ಸಂಬಂಧ ನೋಡಿ ಹೊಲಿಗೆ: ಒಂದು ಮನೆಗೆ ‘ಸಂಪ್ರದಾಯಸ್ಥ’, ಇನ್ನೊಂದಕ್ಕೆ ‘ಆಧುನಿಕ ಮನೋಭಾವ’, ಖಚಿತವಿಲ್ಲದ ಕಡೆಗೆ ಎರಡೂ. ಸಿಟಿಸಿ, ಅಂದರೆ ನೌಕರನ ಮೇಲೆ ಕಂಪನಿ ವರ್ಷಕ್ಕೆ ಹಾಕುವ ಒಟ್ಟು ಖರ್ಚು, ಭವಿಷ್ಯನಿಧಿಗೆ ಕಂಪನಿ ಕಟ್ಟುವ ಪಾಲನ್ನೂ ಮುಂದೆಂದೋ ಸಿಗಬಹುದಾದ ಗ್ರಾಚ್ಯುಟಿಯನ್ನೂ ಒಳಗೊಳ್ಳುವುದರಿಂದ, ಬೀಗರಿಗೆ ಹೇಳುವ ಸಂಬಳವೂ ಊರಿನಿಂದ ಸಾಲ ಕೇಳಲು ಬಂದ ನೆಂಟರಿಗೆ ಹೇಳುವ ಸಂಬಳವೂ ಬೇರೆ ಬೇರೆಯಾಗಿ, ಎರಡೂ ಸತ್ಯವಾಗಿಯೇ ಇರುತ್ತವೆ. ಉದ್ಯೋಗದ ಬಯೋಡೇಟಾದ ಕೊನೆಯಲ್ಲಿ ‘ಮೇಲ್ಕಂಡ ವಿವರಗಳೆಲ್ಲ ತಿಳಿದಮಟ್ಟಿಗೆ ಸತ್ಯ’ ಎಂದು ಸ್ಥಳ, ದಿನಾಂಕ, ಸಹಿ ಹಾಕುವ ಭಾರತೀಯ ಪದ್ಧತಿಯೂ ಇಲ್ಲಿ ಉಲ್ಲೇಖಾರ್ಹ. ತನ್ನ ಬಗ್ಗೆಯೇ ಬರೆದುಕೊಂಡು ‘ತಿಳಿದಮಟ್ಟಿಗೆ’ ಎಂದು ಸೇರಿಸುವ ವಿನಯ ಉಪನಿಷತ್ತಿನ ನಾಡಿಗೇ ತಕ್ಕದ್ದು.

ಆ ಘೋಷಣೆಗೆ ತುಸು ಮೇಲೆ ಹವ್ಯಾಸದ ಸಾಲಿರುತ್ತದೆ. ಸಂಗೀತ ಕೇಳುವುದು, ಪುಸ್ತಕ ಓದುವುದು, ಕ್ರಿಕೆಟ್ ನೋಡುವುದು ಎಂದು ಎಲ್ಲರಲ್ಲೂ ಒಂದೇ ಆಗಿದ್ದ ಈ ಸಾಲನ್ನು ಈಚಿನ ಸಲಹೆಗಾರರು ಜಾಗ ದಂಡವೆಂದು ಕಿತ್ತುಹಾಕಿಸುತ್ತಿದ್ದಾರೆ. ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ ಇದು ದುಡುಕು. ಜೆಡಿಗೆ ಹೆದರಿ ಬರೆದ ಹತ್ತು ಸಾಲುಗಳ ನಡುವೆ, ಯಾರೂ ಕೇಳದೆ ತಾನಾಗಿ ಬಂದು ಕೂತ ಒಂದು ಸಾಲಿನಲ್ಲಿ, ಅದು ಲಿಯೊನಾರ್ಡೊನ ಚಿತ್ರವಾಗಲಿ ಪಂಪನ ಕರ್ಣನಾಗಲಿ, ಬರೆದವನ ಮುಖ ಕಾಣುವ ಸಂಭವ ಹೆಚ್ಚು.

ದಾವಣಗೆರೆಯ ಪದವೀಧರನಿಗೆ ಕಡೆಗೆ ಸಂದರ್ಶನದ ಕರೆ ಬಂದದ್ದು ಸರಕು ಸಾಗಣೆ ಕಂಪನಿಯಿಂದ. ಹೊರವರ್ತುಲ ರಸ್ತೆಯ ಪಕ್ಕದ ಗಾಜಿನ ಕಟ್ಟಡದಲ್ಲಿ, ಎದುರಿಗಿದ್ದ ಹಿರಿಯ ಅಧಿಕಾರಿ ಮೊದಲ ಪುಟದ ಪ್ರಾವೀಣ್ಯಗಳನ್ನೆಲ್ಲ ಶಾಸ್ತ್ರಕ್ಕೆಂಬಂತೆ ದಾಟಿ, ‘ಭಂಗುರ ಸರಕು’ ಎಂಬಲ್ಲಿ ಬೆರಳಿಟ್ಟು, ಇದೇನು, ಗಾಜೋ ಮೊಟ್ಟೆಯೋ ಎಂದು ವಿಚಾರಿಸಿದರು. ಅಭ್ಯಾಸ ಮಾಡಿಕೊಂಡು ಬಂದಿದ್ದ ಉತ್ತರ ಆ ಕ್ಷಣಕ್ಕೆ ಬಾಯಿಗೆ ಬಾರದೆ ಅವನು ‘ಗಣಪತಿ ಸಾರ್. ವಿಸರ್ಜನೆಗೆ ಲಾರಿ ಮಾಡಿದ್ದು’ ಎಂದುಬಿಟ್ಟ. ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ವಾಸವಿದ್ದ ಅಪಾರ್ಟ್‌ಮೆಂಟಿನಲ್ಲಿ ಹಿಂದಿನ ವರ್ಷ ಪೂರ್ತಿ ಬಾಡಿಗೆ ಮುಂಗಡ ಪಡೆದ ಲಾರಿಯವನು ಬಾರದೆ, ಐದಡಿಯ ಗಣಪತಿ ಎರಡು ರಾತ್ರಿ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕಾರುಗಳ ನಡುವೆ ಕೂರಬೇಕಾಗಿ ಬಂದಿತ್ತೆಂಬುದೂ, ಸಂಘದ ಅಧ್ಯಕ್ಷರು ತಾವೇ ಆಗಿದ್ದುದರಿಂದ ಆ ಎರಡು ದಿನ ಲಿಫ್ಟಿನಲ್ಲಿ ಓಡಾಡುವುದೇ ಅವರಿಗೆ ದುಸ್ತರವಾಗಿತ್ತೆಂಬುದೂ ಆಮೇಲೆ ತಿಳಿದ ಸಂಗತಿಗಳು. ಮುಂಗಡ ಎಷ್ಟು ಕೊಡುತ್ತಿದ್ದಿರಿ ಎಂಬ ಪ್ರಶ್ನೆಗೆ ಪದವೀಧರ ಮೊದಲ ಬಾರಿಗೆ ಕುರ್ಚಿಯಲ್ಲಿ ಸರಿಯಾಗಿ ಕೂತು, ‘ಪೂರ್ತಿ ಕೊಡಲೇಬಾರದು ಸಾರ್. ಅರ್ಧ ಓಣಿಯಲ್ಲಿ, ಇನ್ನರ್ಧ ನಾಲೆ ಹತ್ರ’ ಎಂದು ಉತ್ತರಿಸಿದ. ಮಾತು ಅಲ್ಲಿಂದ ಹಗ್ಗ ಕಟ್ಟುವ ಬಗೆಗೂ, ವಿದ್ಯುತ್ ತಂತಿಯ ಎತ್ತರಕ್ಕೂ, ಕಡೆಗೆ 740 ರೂಪಾಯಿಗೂ ಹೋಯಿತು.

ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲೆ ಯಾವುದೋ ಕಾಗದಕ್ಕಾಗಿ ತನ್ನ ಕಡತವನ್ನು ತೆರೆದಾಗ, ಅವನಿಗೆ ಅಂದಿನ ಸ್ವವಿವರದ ಪ್ರತಿ ಸಿಕ್ಕಿತು. ಜೆಡಿಯ ಪದಗಳನ್ನೆಲ್ಲ ಹೆಕ್ಕಿ ಸೇರಿಸಿದ್ದ ಮೊದಲ ಪುಟದಲ್ಲಿ ಒಂದು ಗೆರೆಯೂ ಇರಲಿಲ್ಲ. ಎರಡನೆಯ ಪುಟದ ಅಂಚಿನಲ್ಲಿ ಮಾತ್ರ ಪೆನ್ಸಿಲಿನಿಂದ ಬರೆದದ್ದಿತ್ತು: ‘ಲಾರಿ. ಅರ್ಧ ಅಡ್ವಾನ್ಸ್.’